ಕೆಡವುವ ಮೊದಲು ಬಿಚ್ಚಿ ನೋಡಿ

ಕಟಪಾಡಿಯ ಓದುಗರೊಬ್ಬರು ಬರೆದಿದ್ದಾರೆ: "ಪ್ರಶಸ್ತಿ ಪಡೆದ ಪರಿಸರಸ್ನೇಹಿ ಮನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ನಮ್ಮದು ಅಜ್ಜ ಕಟ್ಟಿಸಿದ, ಎಪ್ಪತ್ತು ವರ್ಷ ಕಳೆದ ಹಂಚಿನ ಮನೆ. ಮಾಡು ಎರಡು ಕಡೆ ಸೋರುತ್ತದೆ, ಮಾಡನ್ನು ಹೊರುವ ಇಳಿಜಾರು ಮರಗಳಲ್ಲಿ, ಅಂದರೆ ಪಕಾಸುಗಳಲ್ಲಿ, ಕೆಲವಕ್ಕೆ ಒರಲೆ ಹಿಡಿದಿದೆ. ರಿಪೇರಿಯ ದುಡ್ಡಿಗೆ ಹೊಸ ತಾರಸಿ ಮನೆಯೇ ಆಗುತ್ತದೆ ಎಂದು ಕಂಟ್ರಾಕ್ಟರರು ಹೇಳುತ್ತಾರೆ, ಮಕ್ಕಳೂ ಅದನ್ನೇ ಹೇಳುತ್ತಾರೆ. ನಿಮ್ಮ ಪ್ರಶಸ್ತಿಗಳಿಂದ ನಮ್ಮಂಥವರಿಗೇನು ಪ್ರಯೋಜನ? ಚಾವಡಿಯ ಕೆಂಪು ಬಣ್ಣದ ಕಾವಿ ನೆಲ ಬಿರುಕು ಬಿಟ್ಟಿದೆ, ಅದನ್ನಾದರೂ ಕಿತ್ತು ಟೈಲ್ಸ್ ಹಾಕಿಸಬೇಕೇ?"

ಮಾನ್ಯರೇ,

ನಿಮ್ಮ ಆಕ್ಷೇಪ ಸರಿಯಾಗಿದೆ. ಆ ಲೇಖನದಲ್ಲಿದ್ದ ಮನೆಗಳೆಲ್ಲ ಖಾಲಿ ನಿವೇಶನದಲ್ಲಿ ಹೊಸದಾಗಿ ಎದ್ದವು. ಇದ್ದ ಮನೆಯನ್ನು ಉಳಿಸಿಕೊಂಡ ಒಂದು ಉದಾಹರಣೆಯನ್ನೂ ನಾವು ಕೊಡಲಿಲ್ಲ. ಆ ಲೋಪ ನನ್ನದು. ಆದರೆ ಪ್ರಶಸ್ತಿಗಳು ಹೊಸ ಕಟ್ಟಡಕ್ಕೆ ಮಾತ್ರ ಸಲ್ಲುತ್ತವೆ ಎಂದು ತಿಳಿಯಬೇಡಿ. ಫ್ರಾನ್ಸಿನ ಲಕಾತೋ ಮತ್ತು ವಸಾಲ್ ಎಂಬ ಇಬ್ಬರು ವಾಸ್ತುಶಿಲ್ಪಿಗಳಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬರಲು ಒಂದು ಮುಖ್ಯ ಕಾರಣ ಅವರು ಕೆಡವದೆ ಬಿಟ್ಟದ್ದು. 1996ರಲ್ಲಿ ಬೋರ್ಡೋ ನಗರದ ಒಂದು ಚಿಕ್ಕ ಚೌಕವನ್ನು ಅಂದಗೊಳಿಸಲು ಕೇಳಿದಾಗ, ಅವರು ಹಲವು ದಿನ ಅಲ್ಲಿ ಓಡಾಡಿ, ನಿವಾಸಿಗಳೊಂದಿಗೆ ಮಾತನಾಡಿ, ಜಲ್ಲಿ ಬದಲಿಸಿ, ಮರಗಳ ಆರೈಕೆ ಮಾಡಿ, ಆಗಾಗ ಗುಡಿಸಿದರೆ ಸಾಕು, ಬೇರೇನೂ ಬೇಡ ಎಂದು ವರದಿ ಕೊಟ್ಟರು. ಮುಂದೆ ಅದೇ ನಗರದಲ್ಲಿ 1960ರ ದಶಕದ 530 ಫ್ಲ್ಯಾಟುಗಳನ್ನು ಒಡೆಯದೆ, ವಾಸವಿದ್ದವರನ್ನು ಹೊರಗೆ ಕಳಿಸದೆ, ಪ್ರತಿ ಮನೆಗೂ ಬೆಳಕು ಬೀಳುವ ಹೊಸ ಜಗಲಿಯನ್ನು ಹೊರಗಿನಿಂದ ಜೋಡಿಸಿಕೊಟ್ಟರು.

ಇದು ದೂರದ ಮಾತೆನಿಸಿದರೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿ ಬನ್ನಿ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿಸಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ನಡುವೆ ಅಂಗಳವಿರುವ ಕುಂಜೂರಿನ ಚೌಕಿ ಮನೆಯನ್ನು ಅಲ್ಲಿ ನೋಡಬಹುದು. ಕೆಡವುವುದು ಬೇರೆ, ಬಿಚ್ಚುವುದು ಬೇರೆ. ನಿಮ್ಮ ಮನೆಯೂ ಬಿಚ್ಚಲು ಬರುವಂತೆ ಕಟ್ಟಿದ ಮನೆಯೇ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಬಳಕೆಗೆ ಬಂದ ಬಗೆಯ ಹಂಚು ಗಾರೆಯಿಲ್ಲದೆ, ಒಂದರ ಅಂಚಿನ ಕಚ್ಚಿಗೆ ಇನ್ನೊಂದು ಕೂತು ನಿಲ್ಲುತ್ತದೆ. ಒಡೆದ ಒಂದನ್ನು ಮಾತ್ರ ಎತ್ತಿ ಬದಲಿಸಬಹುದು. ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲೂ ಇಡಿಯಾಗಿ ಬಿಚ್ಚಿ ಬರುತ್ತದೆ. ಜೆಸಿಬಿ ಬಂದರೆ ಒಂದೇ ದಿನದಲ್ಲಿ ಹಂಚು, ಮರ, ಕಲ್ಲು ಎಲ್ಲ ಒಂದೇ ರಾಶಿಯಾಗಿ, ಯಾವುದಕ್ಕೂ ಬೆಲೆಯಿಲ್ಲದಂತಾಗುತ್ತದೆ. ಕಟ್ಟಡ ತ್ಯಾಜ್ಯವನ್ನು ಬೇರೆ ಬೇರೆ ಮಾಡಿ ಇಡಬೇಕೆಂದು ಕೇಂದ್ರ ಸರ್ಕಾರದ ನಿಯಮಗಳು 2016ರಲ್ಲೇ ಹೇಳಿದ್ದರೂ, ಆ ರಾಶಿ ಎಷ್ಟೋ ಬಾರಿ ತೋಡಿನ ಬದಿಗೋ ಬೈಲಿನ ಗದ್ದೆಗೋ ಹೋಗಿ ಬೀಳುತ್ತದೆ, ಆಟಿಯ ಮಳೆಗೆ ಅಲ್ಲಿ ನೀರು ಕಟ್ಟಿ ನಿಲ್ಲುತ್ತದೆ.

ಇನ್ನು ಸೋರುವ ವಿಚಾರ. ಮಾಡು ಎರಡು ಕಡೆ ಸೋರಿದರೆ ಮಾಡು ಹಾಳಾಯಿತೆಂದು ಅರ್ಥವಲ್ಲ. ಸಾಮಾನ್ಯವಾಗಿ ಎರಡು ಮಾಡುಗಳು ಕೂಡುವಲ್ಲಿನ ತಗಡು ತುಕ್ಕು ಹಿಡಿದಿರುತ್ತದೆ, ಇಲ್ಲವೇ ಹಂಚು ಕೂರುವ ಅಡ್ಡಪಟ್ಟಿಯಾದ ರೀಪು ಬಾಗಿ ಹಂಚು ಜಾರಿರುತ್ತದೆ. ನುರಿತ ಆಚಾರಿಯೊಬ್ಬರನ್ನು ಕರೆಸಿ, ಸೋರುವ ಕಡೆ ಒಂದು ಚದರ ಮೀಟರಿನಷ್ಟು, ಅಂದರೆ ಸುಮಾರು 15 ಹಂಚು ಇಳಿಸಿ ನೋಡಿಸಿ. ಪಕಾಸು ಗೋಡೆಯ ಮೇಲೆ ಕೂರುವ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಒರಲೆಯೂ ಮರ ಕೊಳೆಯುವ ಕುಂಬೂ ಹೆಚ್ಚಾಗಿ ಶುರುವಾಗುವುದು ತೇವ ನಿಲ್ಲುವ ಆ ತುದಿಯಲ್ಲೇ. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಮರ ಹೋಗಿದೆ. ಒಂದಡಿ ಮೇಲಕ್ಕೆ ಸರಿದು ಮತ್ತೆ ಒತ್ತಿ, ಮೊನೆ ಇಳಿಯದೆ ಟಣ್ಣೆಂದರೆ ಉಳಿದ ಪಕಾಸು ಗಟ್ಟಿಯಾಗಿದೆ. ಆಗ ಹಾಳಾದ ತುದಿಯನ್ನಷ್ಟೇ ಕೊಯ್ದು, ಹೊಸ ತುಂಡು ಜೋಡಿಸಿದರೆ ಆಯಿತು. ಹೀಗೆ ಪಕಾಸು ಪಕಾಸಾಗಿ ನೋಡಿ ಬರೆದಿಟ್ಟ ಪಟ್ಟಿ ಕೈಯಲ್ಲಿದ್ದರೆ ಕಂಟ್ರಾಕ್ಟರರೊಂದಿಗೆ ಮಾತನಾಡುವುದು ಸುಲಭ.

ಅವರ ಲೆಕ್ಕವನ್ನೂ ಒಮ್ಮೆ ಪರಿಶೀಲಿಸಿ. ಹೊಸ ಮನೆಯ ಅಂದಾಜಿನಲ್ಲಿ ಹಳೆಯದನ್ನು ತೆಗೆದು ಸಾಗಿಸುವ ಖರ್ಚು, ಕೆಲಸ ಮುಗಿಯುವವರೆಗಿನ ಬಾಡಿಗೆ, ನಕ್ಷೆ ಮತ್ತು ಪರವಾನಗಿಯ ವೆಚ್ಚ ಸೇರಿವೆಯೇ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಚಪ್ಪಟೆ ತಾರಸಿ ಎಷ್ಟು ವರ್ಷ ಸೋರದೆ ನಿಂತೀತು? ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವಾಗ ತಾರಸಿಗಳ ಮೇಲೆ ಮತ್ತೆ ಎದ್ದಿರುವ ತಗಡಿನ ಮಾಡುಗಳನ್ನು ಎಣಿಸಿ ನೋಡಿ. ಆ ಖರ್ಚನ್ನೂ ಅಂದಾಜಿಗೆ ಸೇರಿಸಬೇಕು.

ಗೋಡೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೂಲ್ಕಿ ಬಳಿಯ ನಮ್ಮ ತಾಯಿಯ ಮನೆಯನ್ನು ದುರಸ್ತಿ ಮಾಡಿಸುವಾಗ, ಗಟ್ಟಿಯಾಗಲಿ ಎಂದು ಮೇಸ್ತ್ರಿಯೊಬ್ಬರು ಹೇಳಿದ ಮಾತಿಗೆ ಒಪ್ಪಿ, ಹಳೆಯ ಸುಣ್ಣದ ಗಾರೆಯನ್ನು ಕೆರೆಸಿ ಸಿಮೆಂಟ್ ಬಳಿಸಿದೆ. ಎರಡನೆಯ ಮಳೆಗಾಲಕ್ಕೆ ನೆಲದಿಂದ ಮೂರಡಿಯವರೆಗೆ ಬಣ್ಣ ಗುಳ್ಳೆಯೆದ್ದು, ಉಪ್ಪಿನಂಥ ಬಿಳಿಪುಡಿ ಉದುರತೊಡಗಿತು. ಮಣ್ಣಿನಿಂದ ಏರುವ ತೇವ ಸುಣ್ಣದ ಮೂಲಕ ಆರಿ ಹೋಗುತ್ತಿತ್ತು. ಸಿಮೆಂಟು ಅದನ್ನು ಕಲ್ಲಿನೊಳಗೇ ತಡೆದು ನಿಲ್ಲಿಸಿತ್ತು. ಅದನ್ನು ಕೀಳಿಸುವಾಗ ಕೆಂಪುಕಲ್ಲಿನ ಮೈಯೂ ಪದರವಾಗಿ ಕಿತ್ತುಬಂತು, ನೋಡಿ ಹೊಟ್ಟೆ ಉರಿಯಿತು. ಮತ್ತೆ ಸುಣ್ಣದ ಗಾರೆ ಮಾಡಿಸಿದೆವು, ಒಂದು ಬೇಸಿಗೆಯಲ್ಲಿ ಗೋಡೆ ಒಣಗಿತು. ನಿಮ್ಮ ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ.

ಎಲ್ಲವನ್ನೂ ಉಳಿಸಲೇಬೇಕೆಂಬ ಹಟ ನನಗಿಲ್ಲ. ಪಾಯ ಕುಸಿದಿದ್ದರೆ ಅಥವಾ ಗೋಡೆ ಹೊರಕ್ಕೆ ಉಬ್ಬಿದ್ದರೆ ಎಂಜಿನಿಯರರಿಗೆ ತೋರಿಸಿ, ಆ ಭಾಗವನ್ನು ಬಿಚ್ಚಿ ಕಟ್ಟಿಸಿ. ಮಕ್ಕಳಿಗೆ ಬೇಕಾದ ಬಚ್ಚಲು, ಶೌಚಾಲಯಗಳಿಗೆ ಸಣ್ಣ ಸ್ಲ್ಯಾಬ್ ಬೇಕಾಗಬಹುದು. ಅಲ್ಲಿ ತಿರುವನಂತಪುರದಲ್ಲಿ ನೆಲೆಸಿ ಕೆಲಸ ಮಾಡಿದ, 1990ರಲ್ಲಿ ಪದ್ಮಶ್ರೀ ಪಡೆದ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ಕ್ರಮ ಅನುಕೂಲ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಹಂಚನ್ನಿಟ್ಟು ಕಾಂಕ್ರೀಟ್ ಹಾಕಿದರೆ ಸಿಮೆಂಟೂ ತೂಕವೂ ಕಡಿಮೆಯಾಗುತ್ತವೆ. ಮಾಡಿಗೆ ಹೊಂದದೆ ಉಳಿದ ನಿಮ್ಮ ಹಂಚುಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಸರಳಿನ ಅಳತೆಯನ್ನು ಮಾತ್ರ ಎಂಜಿನಿಯರರೇ ನಿರ್ಧರಿಸಲಿ.

ಕಾವಿ ನೆಲವನ್ನು ಕೀಳಬೇಡಿ. ಬಿರುಕಿಗೆ ಊದುಬತ್ತಿಯ ಕಡ್ಡಿಯೂ ತೂರದಿದ್ದರೆ ಅದರಿಂದ ತೊಂದರೆಯಿಲ್ಲ. ಟೈಲ್ಸ್ ಹಾಕಿಸಿದರೆ ನೆಲ ಏರಿ, ಹಳೆಯ ಬಾಗಿಲುಗಳ ಬುಡ ಕೊಯ್ಯಬೇಕಾಗುತ್ತದೆ. ಚಾವಡಿಯನ್ನು ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಬಟ್ಟೆಯಲ್ಲಿ ತುಸು ತೆಂಗಿನೆಣ್ಣೆ ಹಚ್ಚಿ ಉಜ್ಜಿ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ, ಮಕ್ಕಳಿಗೂ ತೋರಿಸಿ. ಹಂಚು ಇಳಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಆರಂಭಿಸಿ, ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿಸಿಕೊಳ್ಳಿ.

— ಸಂಪಾದಕ