ಮೊದಲು ಕಸದ ದಿನಗಳನ್ನು ಕಲಿಯಿರಿ

ಮುಂದಿನ ತಿಂಗಳು ಹೆಂಡತಿ, ಮಗು ಜೊತೆ ಟೋಕಿಯೊಗೆ ಬರುತ್ತಿದ್ದೀರಂತೆ, ಸಂತೋಷ. ಸಸ್ಯಾಹಾರ ಸಿಗುತ್ತದಾ, ಅಕ್ಕಪಕ್ಕದವರು ನಮ್ಮ ಜೊತೆ ಬೆರೆಯುತ್ತಾರಾ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ, ತಿಳಿದಷ್ಟು ಹೇಳುತ್ತೇನೆ.

ಊಟದ ಚಿಂತೆ ಬೇಡ. ನಿಶಿಕಸಾಯ್ ಕಡೆ ನಮ್ಮವರು ಜಾಸ್ತಿ, ಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ಹೊರಗೆ ತಿನ್ನುವಾಗ ಮಾತ್ರ 'ದಾಶಿ' ಬಗ್ಗೆ ಹುಷಾರು. ಅದು ಹೆಚ್ಚಾಗಿ ಒಣಮೀನಿನಿಂದ ತೆಗೆದ ರಸ. ಬರೀ ತರಕಾರಿ ಕಾಣುವ ಸೂಪಿನಲ್ಲೂ ಇರುತ್ತದೆ. ಮಾಂಸ ಬೇಡ ಎಂದರೆ ಸಾಲದು, ಮೀನಿನ ದಾಶಿ ಇದೆಯಾ ಎಂದೂ ಕೇಳಿ.

ಇನ್ನು ಅಕ್ಕಪಕ್ಕದವರ ವಿಷಯ. ನನ್ನ ಅನುಭವದಲ್ಲಿ ಅದು ಕಸದಿಂದಲೇ ಶುರುವಾಗುತ್ತದೆ. ಸುಡುವ ಕಸಕ್ಕೆ ಒಂದು ದಿನ, ಸುಡದ ಕಸಕ್ಕೆ ಇನ್ನೊಂದು ದಿನ, ಬಾಟಲಿ, ಡಬ್ಬ, ಕಾಗದಕ್ಕೆ ಬೇರೆ ದಿನ. ನೀರಿನ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಕಿತ್ತು, ತೊಳೆದು ಇಡಬೇಕು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟರೊಳಗೆ ಇಟ್ಟು, ಕಾಗೆ ಕೆದಕದ ಹಾಗೆ ಮೇಲೆ ಬಲೆ ಹೊದಿಸಬೇಕು. ವಾರ್ಡ್ ಕಚೇರಿಯಲ್ಲಿ ಇದರ ಪಟ್ಟಿ ಕೊಡುತ್ತಾರೆ. ಮನೆ ಸಿಕ್ಕ 14 ದಿನದೊಳಗೆ ವಿಳಾಸ ನೋಂದಾಯಿಸಲು ಹೇಗೂ ಅಲ್ಲಿಗೆ ಹೋಗಲೇಬೇಕು, ಆಗಲೇ ಕೇಳಿ ತೆಗೆದುಕೊಳ್ಳಿ.

ಬಂದ ಹೊಸದರಲ್ಲಿ ನಾನು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಇಟ್ಟಿದ್ದೆ. ಸಂಜೆ ಬಂದು ನೋಡಿದರೆ ಒಂದು ಚೀಟಿ ಅಂಟಿಸಿಕೊಂಡು ಚೀಲ ಅಲ್ಲೇ ಕೂತಿತ್ತು. ಓದಲು ಬರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು, ಒಂದು ಮಾತೂ ಬೈಯದೆ, ನನ್ನ ಜೊತೆ ಕೂತು ಚೀಲ ಬಿಚ್ಚಿ ಒಂದೊಂದನ್ನೇ ಬೇರೆ ಮಾಡಿ ತೋರಿಸಿದರು. ನನಗೆ ಬಹಳ ನಾಚಿಕೆಯಾಯಿತು. ಆದರೆ ಅವರ ಜೊತೆ ಮಾತು ಶುರುವಾದದ್ದು ಅಂದೇ. ಬೀದಿಯ ಸಂಘದ 'ಕೈರಾನ್‌ಬಾನ್' ಎಂಬ ಸುತ್ತೋಲೆ ಫೈಲು ಮನೆಯಿಂದ ಮನೆಗೆ ಬರುತ್ತದೆ. ಓದಿ, ಸಹಿ ಹಾಕಿ, ಮುಂದಿನ ಮನೆಗೆ ಕೊಡಬೇಕು. ಎಷ್ಟೋ ವರ್ಷ ಅಜ್ಜಿಯೇ ಅದನ್ನು ನನಗೆ ಓದಿ ಹೇಳಿದರು.

ಇಲ್ಲಿನವರು ತಾವಾಗಿ ಬಾಗಿಲು ತಟ್ಟುವುದು ಕಡಿಮೆ. ಅದು ತಾತ್ಸಾರ ಅಲ್ಲ, ನಿಮಗೆ ತೊಂದರೆ ಆಗಬಾರದೆಂಬ ಸಂಕೋಚ. ಹಾಗಾಗಿ ಮೊದಲ ಹೆಜ್ಜೆ ನೀವೇ ಇಡಿ. ಹೊಸ ಮನೆಗೆ ಬಂದವರು ಟವೆಲ್ಲೋ ಸೋಪೋ ಹಿಡಿದು ನೆರೆಯವರನ್ನು ಕಾಣುವುದು ಇಲ್ಲಿನ ಹಳೆಯ ಪದ್ಧತಿ. ಈಗ ಎಷ್ಟೋ ಜನ ಬಿಟ್ಟಿದ್ದಾರೆ, ನೀವು ಬಿಡಬೇಡಿ. ಚಿಕ್ಕ ಮಗು ಇರುವ ಮನೆ ಅಲ್ವಾ, ಓಡಾಟದ ಸದ್ದು ಕೆಳಗಿನವರಿಗೆ ಕೇಳಿಸುತ್ತದೆ. ಮೊದಲೇ ಮುಖಪರಿಚಯ ಇದ್ದರೆ ಅವರಿಗೂ ಸಮಾಧಾನ. ಬೆಲೆಬಾಳುವುದನ್ನು ಕೊಡಬೇಡಿ, ತಿರುಗಿ ಏನು ಕೊಡಲಿ ಎಂಬ ಭಾರ ಅವರ ಮೇಲೆ ಬೀಳುತ್ತದೆ.

ಎಡಕ್ಕೊಂದು, ಬಲಕ್ಕೊಂದು, ಮೇಲೊಂದು, ಕೆಳಗೊಂದು ಮನೆ. ನಾಲ್ಕು ಮೈಸೂರ್ ಸ್ಯಾಂಡಲ್ ಸೋಪು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬನ್ನಿ.