ಮಣ್ಣಿನ ತಲೆ ಯಾಕೆ ಬಿರಿಯಿತು, ಮೊದಲ ಕಲ್ಲು ಯಾವುದು ತರಬೇಕು

ಅಕ್ಕಾರೇ, ನಮಸ್ಕಾರ. ನಿಮ್ಮ ಪ್ರಶ್ನೆ, ಫೋಟೋ ಎರಡೂ ನೋಡಿದೆ. ನವಲಗುಂದದ ಹೊಲದಿಂದ ತಂದ ಎರೆಮಣ್ಣಿನಲ್ಲಿ ನಿಮ್ಮ ಅಜ್ಜನ ತಲೆ ಮಾಡಿದ್ದೀರಿ. ಎಂಟು ಇಂಚು ಎತ್ತರ. ಒಣಗುವಾಗ ಕುತ್ತಿಗೆ ಸುತ್ತ ಬಿರುಕು ಬಂದಿದೆ, ಎರಡೂ ಕಿವಿಯ ಬುಡದಲ್ಲೂ ಬಂದಿದೆ. ಮಣ್ಣಿನ ಸಹವಾಸ ಸಾಕು, ಕಲ್ಲೇ ಕೆತ್ತುತ್ತೇನೆ, ಯಾವ ಕಲ್ಲು ತರಲಿ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ಮಣ್ಣಿಗೆ ಫೆವಿಕಾಲ್ ಕಲಸಿ ಅಂದಿದ್ದಾರೆ. ಇನ್ನೊಬ್ಬರು ಗ್ರಾನೈಟ್ ತುಂಡು, ಗ್ರೈಂಡರ್ ತಗೊಳ್ಳಿ ಅಂದಿದ್ದಾರೆ. ಎರಡೂ ಬೇಡ. ಕಲ್ಲು ಖಂಡಿತ ಕೆತ್ತಿ. ಆದರೆ ಮೊದಲು ಇದೇ ತಲೆಯನ್ನು ಮಣ್ಣಿನಲ್ಲಿ ಸರಿಯಾಗಿ ಮುಗಿಸಿ, ಅದನ್ನೇ ಎದುರಿಗೆ ಇಟ್ಟುಕೊಂಡು ಕೆತ್ತಿ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸಿಕ್ಕಾಪಟ್ಟೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲೇ ಕೈ ಇಳಿಯುವಷ್ಟು ಬಿರುಕು ಬಿಡುವುದಿಲ್ವಾ, ಅದೇ ಗುಣ ತಲೆಯಲ್ಲೂ ತೋರಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇದೇ ಮಣ್ಣಿನಲ್ಲಿ ಎತ್ತು ಮಾಡುತ್ತೇವಲ್ಲ ಅಂತ ನೀವು ಬರೆದಿದ್ದೀರಿ. ಮಾಡುತ್ತೇವೆ, ನಿಜ. ಆದರೆ ಎತ್ತು ಅಂಗೈ ಅಗಲದ್ದು. ಅದನ್ನು ಸುಡುವುದಿಲ್ಲ, ವರ್ಷಗಟ್ಟಲೆ ಇಡುವುದೂ ಇಲ್ಲ. ಕೊಂಬಿನ ಬುಡದಲ್ಲಿ ಒಂದು ಸೀಳು ಬಂದರೆ ಯಾರೂ ನೋಡುವುದಿಲ್ಲ.

ಕುತ್ತಿಗೆಯ ಬಿರುಕಿಗೆ ಇನ್ನೊಂದು ಕಾರಣ ಇದೆ, ಅದು ನಿಮ್ಮ ಎರಡನೇ ಫೋಟೋದಲ್ಲಿ ಕಾಣಿಸುತ್ತದೆ. ಕೆಳಗಿನಿಂದ ಕಟ್ಟಿಗೆಯ ಗೂಟ ಹೊರಗೆ ಬಂದಿದೆ. ಮಣ್ಣು ಕುಗ್ಗುತ್ತದೆ, ಗೂಟ ಕುಗ್ಗುವುದಿಲ್ಲ. ಆಗ ಮಣ್ಣು ಎಲ್ಲಿ ತೆಳ್ಳಗಿದೆಯೋ ಅಲ್ಲಿ ಬಿರಿಯಲೇಬೇಕು. ತಲೆಯಲ್ಲಿ ತೆಳ್ಳಗಿನ ಜಾಗ ಅಂದರೆ ಕುತ್ತಿಗೆ. ಕಿವಿಯದು ಬೇರೆ ಕಥೆ. ತಲೆ ಅರ್ಧ ಒಣಗಿದ ಮೇಲೆ ಹಸಿ ಮಣ್ಣಿನ ಕಿವಿ ಅಂಟಿಸಿದ್ದೀರಿ ಅನಿಸುತ್ತದೆ. ಎರಡೂ ಒಂದೇ ಹದದಲ್ಲಿ ಇದ್ದಾಗಲೇ ಅಂಟಿಸಬೇಕು. ಎರಡೂ ಕಡೆ ಮೊಳೆಯಿಂದ ಗೀರಿ, ಅದೇ ಮಣ್ಣನ್ನು ಮೊಸರಿನ ಹದಕ್ಕೆ ಕಲಸಿ ಸವರಿ, ಒತ್ತಿ ಕೂರಿಸಬೇಕು.

ಈಗ ಇದನ್ನು ತೇಪೆ ಹಚ್ಚಿ ಉಳಿಸಲು ಹೋಗಬೇಡಿ. ಹಣೆ, ಮೂಗು, ಗದ್ದದ ಅಳತೆ ಬರೆದಿಟ್ಟುಕೊಳ್ಳಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಆಮೇಲೆ ಪೂರ್ತಿ ಒಣಗಿಸಿ ಒಡೆದು ನೀರಿಗೆ ಹಾಕಿ. ಅರ್ಧ ಒಣಗಿದ ಮಣ್ಣು ನೀರಿನಲ್ಲಿ ಗಂಟು ಗಂಟಾಗಿ ಉಳಿಯುತ್ತದೆ. ಪೂರ್ತಿ ಒಣಗಿದ್ದು ತಾನೇ ಕರಗಿ ಕೂರುತ್ತದೆ.

ಹೊಸ ತಲೆಗೆ ಕುಂಬಾರರ ಮನೆಯಿಂದ ಕೆರೆಮಣ್ಣು ತನ್ನಿ. ನಿಮ್ಮ ಎರೆಮಣ್ಣನ್ನೂ ಸ್ವಲ್ಪ ಸೇರಿಸಬಹುದು, ಹಿಡಿತ ಚೆನ್ನಾಗಿರುತ್ತದೆ. ಆದರೆ ಮೊದಲು ಅದನ್ನು ತೆಳ್ಳಗೆ ಕಲಸಿ ಸಣ್ಣ ಜರಡಿಯಲ್ಲಿ ಸೋಸಲೇಬೇಕು. ನಮ್ಮ ಕಡೆ ಎರೆಮಣ್ಣಿನಲ್ಲಿ ಬಿಳಿ ಸುಣ್ಣದ ಹರಳು ಇರುತ್ತವೆ. ಸುಡುವಾಗ ಹೊರಗೆ ಏನೂ ಕಾಣುವುದಿಲ್ಲ. ಸುಟ್ಟು ತಂದು ಮನೆಯಲ್ಲಿ ಇಟ್ಟ ಮೇಲೆ ಆ ಹರಳು ಗಾಳಿಯ ತೇವ ಹೀರಿ ಉಬ್ಬುತ್ತದೆ, ಕೆನ್ನೆಯ ಮೇಲಿಂದ ಒಂದು ಚಕ್ಕೆ ಟಪ್ ಅಂತ ಹಾರುತ್ತದೆ. ಹಾರಿದ ಗುಳಿಯೊಳಗೆ ನೋಡಿದರೆ ಮಧ್ಯದಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆ ಕೂತಿರುತ್ತದೆ. ಸೋಸಿದ ಮಣ್ಣಿಗೆ ಐದರಲ್ಲಿ ಒಂದು ಪಾಲು ಸಣ್ಣ ಮರಳು, ಇಲ್ಲವೇ ಒಡೆದ ಮಂಗಳೂರು ಹೆಂಚಿನ ಪುಡಿ ಬೆರೆಸಿ. ನನಗೆ ಹೆಂಚಿನ ಪುಡಿಯೇ ಇಷ್ಟ. ಅದು ಒಮ್ಮೆ ಸುಟ್ಟಿದ್ದರಿಂದ ಮತ್ತೆ ಕುಗ್ಗುವುದಿಲ್ಲ.

ತಲೆ ಮಾಡುವ ಮೊದಲು ಒಂದು ಪಟ್ಟಿ ಮಾಡಿ ನೋಡಿ. ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಗೆರೆ 9.3ಕ್ಕೆ ಬಂದರೆ ಶೇ. 7 ಕುಗ್ಗಿದೆ ಅಂತ ಅರ್ಥ, ಚಿಂತೆ ಇಲ್ಲ. 9ಕ್ಕಿಂತ ಕೆಳಗೆ ಹೋದರೆ ಇನ್ನಷ್ಟು ಹೆಂಚಿನ ಪುಡಿ ಹಾಕಿ.

ಗೂಟಕ್ಕೆ ದಪ್ಪಗೆ ಹಳೆ ಪೇಪರ್ ಸುತ್ತಿ, ಅದರ ಮೇಲೆ ಮಣ್ಣು ಹಾಕಿ. ಮುಖ ಮುಗಿದ ಮೇಲೆ ಹದ ನೋಡುತ್ತಿರಿ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ತಗ್ಗು ಬೀಳಬಾರದು. ಆ ಹೊತ್ತಿಗೆ ತೆಳು ತಂತಿಯಿಂದ ನೆತ್ತಿಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆಯಿರಿ. ಗೂಟ, ಪೇಪರ್ ಹೊರಗೆ ತೆಗೆದು, ಒಳಗಿನಿಂದ ಮಣ್ಣು ಕೆರೆದು ಎಲ್ಲ ಕಡೆ ಬೆರಳಿನ ದಪ್ಪಕ್ಕೆ ತನ್ನಿ. ಮೂಗಿನ ಹಿಂದೆ, ಗದ್ದದ ಹಿಂದೆ ಮರೆಯಬೇಡಿ, ಅಲ್ಲೇ ಮಣ್ಣು ಜಾಸ್ತಿ ಉಳಿಯುವುದು. ನೆತ್ತಿಯನ್ನು ಗೀರಿ, ಸವರಿ ಮತ್ತೆ ಕೂರಿಸಿ. ಕುತ್ತಿಗೆಯ ಕೆಳಗೆ ತೂತು ತೆರೆದೇ ಇರಲಿ.

ಒಣಗಿಸುವುದಕ್ಕೆ ಫ್ಯಾನ್ ಬೇಡ, ಬಿಸಿಲೂ ಬೇಡ. ಕಿವಿ, ಮೂಗಿಗೆ ಒದ್ದೆ ಬಟ್ಟೆ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲ ಸಡಿಲಾಗಿ ಹಾಕಿ. ಮೂಲೆಯಲ್ಲಿ ಇಟ್ಟು ಮರೆತುಬಿಡಿ. ಒಳಗೆ ಗಾಳಿ ಗುಳ್ಳೆ ಉಳಿದರೆ ಆವಿಗೆಯಲ್ಲಿ, ಅಂದರೆ ಕುಂಬಾರರ ಭಟ್ಟಿಯಲ್ಲಿ, ಒಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಡೆಯುವುದು ಗಾಳಿಯಿಂದಲ್ಲ, ಉಳಿದ ನೀರು ಆವಿಯಾಗಿ ಒಮ್ಮೆಲೇ ಹಿಗ್ಗುವುದರಿಂದ. ತಲೆಯನ್ನು ಎತ್ತಿ ನಿಮ್ಮ ಕೆನ್ನೆಗೆ ಮುಟ್ಟಿಸಿ. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ, ಆವಿಗೆಗೆ ಕೊಡಬೇಡಿ. ಕುಂಬಾರರಿಗೆ ಕೊಡುವಾಗ ಒಳಗೆ ಪೊಳ್ಳು ಇದೆ, ಬೆಂಕಿ ನಿಧಾನ ಏರಲಿ ಅಂತ ಹೇಳಿ. ಉಳಿದದ್ದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ಕಲ್ಲು. ಗ್ರಾನೈಟ್ ಯಾಕೆ ಬೇಡ ಅಂದರೆ, 1ರಿಂದ 10ರವರೆಗಿನ ಗಡಸುತನದ ಅಳತೆಯಲ್ಲಿ ಅದು 6ರಿಂದ 7. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಉಗುರಿಗೇ ಪುಡಿ ಬರುತ್ತದೆ. ನಡುವೆ ಹಸಿರು ಛಾಯೆಯ ಮೆದುಗಲ್ಲು ಇದೆ, ಚಾಕುವಿಗೆ ಗೀರು ಬೀಳುತ್ತದೆ. ಕ್ಲೋರೈಟ್ ಶಿಸ್ಟ್ ಅನ್ನುತ್ತಾರೆ. ನಿಮಗೆ ಅದು ಸರಿ. ಇದರಲ್ಲಿ ಏನು ಸಾಧ್ಯ ಅಂತ ನೋಡಬೇಕಾದರೆ ಹುಬ್ಬಳ್ಳಿಯಿಂದ ಗದಗ ಬಸ್ ಹತ್ತಿ. ದಾರಿಯಲ್ಲೇ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಇದೆ. ಗದಗ ದಾಟಿದರೆ ಲಕ್ಕುಂಡಿ. ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು ಕಡಿದರು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಈ ಮೆದುಗಲ್ಲಿನ ಮೊದಮೊದಲ ಗುಡಿಗಳಲ್ಲಿ ಒಂದು. ಗಣಿಯಲ್ಲಿ ದೊಡ್ಡ ಬಂಡೆ ಸಿಗಲಿಲ್ಲ, ಗೋಡೆಯಲ್ಲಿ ಕಲ್ಲಿನ ಸಾಲುಗಳು ಸಣ್ಣವಾದವು. ಆದರೆ ಕಲ್ಲು ಉಳಿಯ ಮಾತು ಕೇಳಿತು, ಕೆತ್ತನೆ ನಯವಾಯಿತು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಪಟ್ಟಿಗಳನ್ನು ಓರೆಯಿಂದ ನೋಡಿ. ಎಲೆಬಳ್ಳಿಯ ಹಿಂದೆ ಉಳಿ ಎಷ್ಟು ಆಳ ಹೋಗಿದೆ, ನೆರಳು ಎಲ್ಲಿ ಕೂತಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದೇ ಇಲ್ಲ.

ಕಲ್ಲು ಕೊಳ್ಳುವಾಗ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳಿ. ದನಿ ಸ್ಪಷ್ಟವಾಗಿ ಬಂದರೆ ಸರಿ, ಡಬ್ ಅಂದರೆ ಒಳಗೆ ಸೀಳಿದೆ, ಬಿಡಿ. ಆಮೇಲೆ ನೀರು ಸುರಿದು ಆರಲು ಬಿಡಿ. ಎಲ್ಲ ಆರಿದ ಮೇಲೂ ಒಂದು ಕಪ್ಪು ಗೆರೆ ಉಳಿದಿದ್ದರೆ ಅದೂ ಸೀಳೇ. ಈ ಕಲ್ಲಿನಲ್ಲಿ ಪದರ ಇರುತ್ತದೆ. ಮೂಗು ಪದರದ ಉದ್ದಕ್ಕೆ ಮುಂದೆ ಬರುವ ಹಾಗೆ ಕಲ್ಲನ್ನು ತಿರುಗಿಸಿ ನಿಲ್ಲಿಸಿ. ಪದರ ಮುಖಕ್ಕೆ ಸಮನಾಗಿ ಇದ್ದರೆ ಒಂದು ದಿನ ಮೂಗು ಚಕ್ಕೆಯಾಗಿ ಎದ್ದು ಬರುತ್ತದೆ.

ಸಾಮಾನು ಜಾಸ್ತಿ ಬೇಡ. ಒಂದು ಮೊನೆ ಉಳಿ, ಒಂದು ಹಲ್ಲಿನ ಉಳಿ, ಒಂದು ಚಪ್ಪಟೆ ಉಳಿ, ಸಣ್ಣ ಸುತ್ತಿಗೆ, ಒಂದು ಅರ, ಹಳೆ ಹ್ಯಾಕ್ಸಾ ಬ್ಲೇಡ್. ಗೋಣಿಚೀಲಕ್ಕೆ ಮರಳು ತುಂಬಿ ಅದರ ಮೇಲೆ ಕಲ್ಲು ಕೂರಿಸಿ, ಅಲುಗಾಡುವುದಿಲ್ಲ. ಸುಟ್ಟ ಮಣ್ಣಿನ ತಲೆ ಪಕ್ಕದಲ್ಲೇ ಇರಲಿ. ಮೂಗಿನ ತುದಿ, ಗದ್ದ, ನೆತ್ತಿ, ಈ ಮೂರು ಎತ್ತರದ ಜಾಗ ಮೊದಲು ಗುರುತಿಸಿ, ಅಲ್ಲಿ ಅಳತೆಗಿಂತ ಒಂದು ಸೆಂಟಿಮೀಟರ್ ಕಲ್ಲು ಹೆಚ್ಚು ಬಿಡಿ. ಕಣ್ಣಿಗೆ ಕೊನೆಯವರೆಗೆ ಕೈ ಹಾಕಬೇಡಿ. ಪೆಟ್ಟು ಯಾವಾಗಲೂ ದಪ್ಪ ಕಲ್ಲಿನ ಕಡೆಗೆ ಹೋಗಲಿ, ಅಂಚಿನ ಕಡೆಗೆ ಬೇಡ. ಕೊನೆಗೆ ನೀರು ಹಾಕಿ 120, 220, 400 ನಂಬರಿನ ವಾಟರ್ ಪೇಪರ್ ಉಜ್ಜಿದರೆ ಸಾಕು.

ಧೂಳಿನ ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ಗ್ರಾನೈಟ್, ಮರಳುಗಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಅದು ವಾಸಿಯಾಗುವ ಕಾಯಿಲೆ ಅಲ್ಲ. ಕೆಲವು ಬಳಪದ ಕಲ್ಲಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸೇರಿರುತ್ತದೆ. ಹಾಗಾಗಿ ಮನೆಯ ಒಳಗೆ ಬೇಡ, ಹಿತ್ತಿಲಲ್ಲಿ ಕೂರಿ. ಕಲ್ಲು ಒದ್ದೆ ಇರಲಿ, ಎನ್-95 ಮಾಸ್ಕ್, ಕನ್ನಡಕ ಹಾಕಿ. ದುಪಟ್ಟಾ ಕಟ್ಟಿಕೊಂಡರೆ ಆಗುವುದಿಲ್ಲ. ಧೂಳನ್ನು ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕಲ್ಲು ತಂದ ದಿನವೇ ಶುರು ಮಾಡಬೇಡಿ. ಅದನ್ನು ಒದ್ದೆ ಮಾಡಿ ನಾಲ್ಕೂ ಮಗ್ಗುಲಿನ ಫೋಟೋ ಇಲ್ಲೇ ಹಾಕಿ. ಪದರ ಎತ್ತ ಓಡಿದೆ, ಮುಖ ಯಾವ ಕಡೆ ಇಟ್ಟರೆ ಒಳ್ಳೆಯದು ನೋಡಿ ಹೇಳುತ್ತೇನೆ.