ಮೇಜಿನ ಮೇಲೊಂದು ಫೋರ್ಜ್ ಶಾಪ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆ ಕಾರ್ಖಾನೆಯಲ್ಲಿ ಕಾದ ಉಕ್ಕನ್ನು ಬಡಿದು, ಒತ್ತಿ ರೂಪ ಕೊಡುವ ವಿಭಾಗ, ಅಂದರೆ ಫೋರ್ಜ್ ಶಾಪ್‌ನಲ್ಲಿ ಕೆಲಸ ಮಾಡಿದವರು. ಮನೆಯ ಮಾದರಿ ರೈಲಿನ ಲೇಔಟ್‌ನಲ್ಲಿ, ಎಚ್‌ಓ ಅಳತೆಯಲ್ಲಿ (1:87, ಅಂದರೆ ನಿಜಕ್ಕಿಂತ 87 ಪಟ್ಟು ಚಿಕ್ಕದು), ಅಂಥದ್ದೇ ಒಂದು ಮಾಡುವ ಆಸೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ ಜಾಗ ಇದೆ. ಉಗಿಯಿಂದ ಏರಿಳಿದು ಬಡಿಯುವ ಸ್ಟೀಮ್ ಹ್ಯಾಮರ್ ಇಡಲಾ, ದ್ರವದ ಒತ್ತಡದಿಂದ ಅದುಮುವ ಹೈಡ್ರಾಲಿಕ್ ಪ್ರೆಸ್ ಇಡಲಾ? – ಭದ್ರಾವತಿಯ ಓದುಗರು

ಉತ್ತರ: ಮೊದಲು ಒಂದು ಸಮಾಧಾನ ಹೇಳುತ್ತೇನೆ. ನಿಮ್ಮ ಜಾಗ ಎಚ್‌ಓ ಲೆಕ್ಕದಲ್ಲಿ 174 ಅಡಿ ಉದ್ದ, 87 ಅಡಿ ಅಗಲದ ಶೆಡ್ ಆಗುತ್ತದೆ. ಕಡಿಮೆ ಏನಲ್ಲ.

ಹ್ಯಾಮರಾ ಪ್ರೆಸ್ಸಾ ಅನ್ನೋದು ನಿಮ್ಮ ಲೇಔಟ್ ಯಾವ ಕಾಲದ್ದು ಅನ್ನೋದರ ಮೇಲಿದೆ. ಸ್ಟೀಮ್ ಹ್ಯಾಮರ್ ಹಳೆಯದು. ಜೇಮ್ಸ್ ನಾಸ್ಮಿತ್ 1839ರಲ್ಲಿ ಚಿತ್ರ ಬರೆದು 1842ರಲ್ಲಿ ಪೇಟೆಂಟ್ ಪಡೆದ. ಭದ್ರಾವತಿಯ ಕಾರ್ಖಾನೆ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಬೀಡುಕಬ್ಬಿಣ ತೆಗೆಯಲು ಶುರು ಮಾಡಿದ್ದು 1923ರಲ್ಲಿ. ಉಗಿ ಎಂಜಿನ್, ಮೀಟರ್ ಗೇಜ್ ಹಳಿ, ಇದ್ದಿಲಿನ ರಾಶಿ ಎಲ್ಲ ಬೇಕು ಅಂತಿದ್ದರೆ ಹ್ಯಾಮರ್ ಇಡಿ. ಆಗ ಪಕ್ಕದಲ್ಲೇ ಬಾಯ್ಲರ್, ಚಿಮಣಿ, ಉಗಿ ಪೈಪು ಕೂಡ ಬರಬೇಕು, ಅದನ್ನು ಮರೆತರೆ ಹ್ಯಾಮರ್ ಸುಮ್ನೆ ನಿಂತ ಕಂಬದ ಹಾಗೆ ಕಾಣುತ್ತದೆ. ಡೀಸೆಲ್ ಎಂಜಿನ್ ಓಡಿಸುತ್ತೀರಾದರೆ ಪ್ರೆಸ್ಸೇ ಸರಿ.

ನನ್ನನ್ನು ಕೇಳಿದರೆ ಪ್ರೆಸ್. ಕಟ್ಟುವುದು ಸುಲಭ. ಕೆಳಗೊಂದು ದಪ್ಪ ತೊಲೆ, ಮೇಲೊಂದು, ನಡುವೆ ಏರಿಳಿಯುವ ಇನ್ನೊಂದು, ನಾಲ್ಕು ಮೂಲೆಗೆ ನಾಲ್ಕು ದುಂಡು ಕಂಬ, ಕಂಬದ ತುದಿಗೆ ಭಾರೀ ನಟ್ಟು. ನೆಲದಿಂದ 7 ಮೀಟರ್ ಎತ್ತರದ ಪ್ರೆಸ್ ಎಚ್‌ಓದಲ್ಲಿ ಬರೀ 8 ಸೆಂಟಿಮೀಟರ್. ಕಂಬಕ್ಕೆ 6 ಮಿಲಿಮೀಟರ್ ಹಿತ್ತಾಳೆ ಸಲಾಕೆ ಸಾಕು, ಮೇಲಿನ ಸಿಲಿಂಡರಿಗೆ ಹಳೇ ಇಂಜೆಕ್ಷನ್ ಸಿರಿಂಜ್. ಆದರೆ ಪ್ರೆಸ್ ಒಂದೇ ನಿಲ್ಲಿಸಿದರೆ ಪ್ರಯೋಜನ ಇಲ್ಲ. ಫರ್ನೇಸಿನ ಬಾಗಿಲು ಪ್ರೆಸ್ ಕಡೆಗಿರಲಿ, ಕಾದ ಗಟ್ಟಿಯನ್ನು ಕಚ್ಚಿ ಹಿಡಿದು ತಿರುಗಿಸುವ ಮ್ಯಾನಿಪ್ಯುಲೇಟರ್ ಅದೇ ಸಾಲಿನಲ್ಲಿ ತನ್ನ ಹಳಿಯ ಮೇಲಿರಲಿ, ಇವೆಲ್ಲದರ ಮೇಲೆ ಓವರ್‌ಹೆಡ್ ಕ್ರೇನ್ ಓಡಾಡುವಷ್ಟು ಎತ್ತರ ಬಿಡಿ. ಶೆಡ್ಡನ್ನು ಮೊದಲು ಕಟ್ಟಿ ಆಮೇಲೆ ಯಂತ್ರ ತೂರಿಸುವವರೇ ಜಾಸ್ತಿ. ಹಾಗೆ ಮಾಡಬೇಡಿ.

ಇನ್ನೊಂದು ಮಾತು. ಇದು ರೈಲಿನ ಲೇಔಟ್ ಅಲ್ವಾ, ವ್ಯಾಗನ್ನಿಗೆ ಕೆಲಸ ಬೇಕು. ಒಳಗೆ ಬರುವುದು ಉಕ್ಕಿನ ಇಂಗಾಟ್ (ಎರಕದ ಗಟ್ಟಿ) ಮತ್ತು ಬಿಲೆಟ್ (ಉದ್ದನೆಯ ತುಂಡು), ಫರ್ನೇಸಿಗೆ ಎಣ್ಣೆ. ಹೊರಗೆ ಹೋಗುವುದು ಶಾಫ್ಟ್, ರೋಲ್, ಜೊತೆಗೆ ಕತ್ತರಿಸಿ ಉಳಿದ ತುಂಡು, ಅದು ಮತ್ತೆ ಕರಗಿಸುವ ಕಡೆಗೆ. ಗೋಡೆ ಪಕ್ಕ ತುಕ್ಕು ಹಿಡಿದ ಡೈ ಬ್ಲಾಕುಗಳ (ಉಕ್ಕಿಗೆ ರೂಪ ಕೊಡುವ ಅಚ್ಚುಗಳ) ರಾಶಿ ಹಾಕಿ. ಕಾರ್ಖಾನೆ ನೋಡಿದವರು ಅದನ್ನು ಕಂಡರೆ ಸಾಕು, ಮಿಕ್ಕದ್ದನ್ನೂ ನಂಬುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿ 50,000 ಟನ್ ಒತ್ತುವ ಪ್ರೆಸ್ ಇದೆಯಂತೆ. ಅದನ್ನು ಎಚ್‌ಓದಲ್ಲಿ ಮಾಡಬಹುದಾ? – ಸಾಗರದ ಓದುಗರು

ಉತ್ತರ: ಮಾಡಬಹುದು, ಮೇಜಿಗೆ ತೂತು ಹಾಕಲು ಮನಸ್ಸಿದ್ದರೆ! ಅಂಥವು ಎರಡಿವೆ, ಎರಡೂ 1950ರ ದಶಕದಲ್ಲಿ ವಿಮಾನದ ಭಾಗಗಳಿಗಾಗಿ ಅಮೆರಿಕ ಸರ್ಕಾರ ಕಟ್ಟಿಸಿದ್ದು. ಕ್ಲೀವ್‌ಲ್ಯಾಂಡ್‌ನಲ್ಲಿರುವ ಮೆಸ್ಟಾ ಕಂಪನಿಯ ಪ್ರೆಸ್ 87 ಅಡಿ ಎತ್ತರ. ಅಂದರೆ ಎಚ್‌ಓದಲ್ಲಿ ಸರಿಯಾಗಿ ಒಂದು ಅಡಿ, ಲೆಕ್ಕ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಆದರೆ ಅದರಲ್ಲಿ 36 ಅಡಿ ಇರುವುದು ನೆಲದ ಕೆಳಗೆ. ಮಾದರಿಯಲ್ಲಿ ಅದು 126 ಮಿಲಿಮೀಟರ್, ಮೇಲೆ ಕಾಣುವುದು ಸುಮಾರು 179. ಕೆಳಗಿನದ್ದನ್ನು ಬಿಟ್ಟು ಮೇಲಿನದ್ದಷ್ಟೇ ಮಾಡಿದರೂ ಯಾರೂ ಬೈಯುವುದಿಲ್ಲ. ಆದರೆ ಮೇಜಿನ ಮುಂಭಾಗವನ್ನು ಕೊಯ್ದು ನೆಲದಡಿಯ ಗುಂಡಿ, ತಳಪಾಯ ಎಲ್ಲ ಕಾಣುವಂತೆ ಮಾಡಿದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ರೈಲು ಮಾತ್ರ ಆಮೇಲೆ ಯಾರಿಗೂ ಬೇಡ, ಅದೊಂದು ನಷ್ಟ.

ದೊಡ್ಡದೇ ಬೇಕು, ತೂತು ಬೇಡ ಅನ್ನುವಿರಾದರೆ ಫ್ರಾನ್ಸಿನ ಲ ಕ್ರೂಸೋ ಊರಿನ 1877ರ ನೂರು ಟನ್ ಸ್ಟೀಮ್ ಹ್ಯಾಮರ್ ನೋಡಿ. ಎರಡು ಕಾಲು ಅಗಲಿಸಿ ನಿಂತ ಆ ಯಂತ್ರವನ್ನು ಈಗ ಆ ಊರಿನಲ್ಲಿ ಬಯಲಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಎಲ್ಲ ಕಡೆಯಿಂದ ತೆಗೆದ ಫೋಟೋ ಸಿಗುತ್ತವೆ.

ಪ್ರಶ್ನೆ: ಹ್ಯಾಮರ್ ಬೀಳುವಂತೆ ಮಾಡಿದೆ, ಆಟಿಕೆಯ ಹಾಗೆ ಟಕ್ ಟಕ್ ಅನ್ನುತ್ತದೆ. ಕಾದ ಕಬ್ಬಿಣಕ್ಕೆ ಕೆಂಪು ಎಲ್‌ಇಡಿ ಹಾಕಿದ್ದೂ ಸರಿ ಕಾಣುತ್ತಿಲ್ಲ. – ಶಿವಮೊಗ್ಗದ ಓದುಗರು

ಉತ್ತರ: ಯಂತ್ರವನ್ನು 87 ಪಟ್ಟು ಚಿಕ್ಕದು ಮಾಡಬಹುದು, ಭೂಮಿಯ ಸೆಳೆತವನ್ನು ಆಗುವುದಿಲ್ಲ. ಒಂದು ಮೀಟರ್ ಎತ್ತರದಿಂದ ತಾನಾಗಿ ಬಿದ್ದ ತೂಕ ನೆಲ ಮುಟ್ಟಲು ಸುಮಾರು 0.45 ಸೆಕೆಂಡ್ ಬೇಕು. ಮಾದರಿಯಲ್ಲಿ ಆ ಒಂದು ಮೀಟರ್ ಅಂದರೆ 11.5 ಮಿಲಿಮೀಟರ್. ಅಷ್ಟು ಬೀಳಲು 0.05 ಸೆಕೆಂಡ್ ಕೂಡ ಬೇಡ. ಆದ್ದರಿಂದ ಬಿಡಬೇಡಿ, ಚಿಕ್ಕ ಸರ್ವೋ ಮೋಟಾರಿನಿಂದ ಇಳಿಸಿ. ಎಷ್ಟೋ ನಿಜವಾದ ಹ್ಯಾಮರಿಗೆ ಮೇಲಿಂದ ಉಗಿಯ ತಳ್ಳೂ ಇರುವುದರಿಂದ ಇಳಿಯಲು 0.3 ಸೆಕೆಂಡ್ ಇಟ್ಟರೆ ಕಣ್ಣಿಗೆ ಒಪ್ಪುತ್ತದೆ, ಏರುವುದು ಇನ್ನೂ ನಿಧಾನ. ಸದ್ದನ್ನು ಬೇಕಿದ್ದರೆ ಸ್ಪೀಕರಿನಿಂದ ಕೊಡಿ.

ಬಣ್ಣದ ವಿಷಯ: ಫೋರ್ಜ್ ಮಾಡುವ ಉಕ್ಕು ಸುಮಾರು 1,200 ಡಿಗ್ರಿಯಲ್ಲಿ ಹಳದಿ ಬೆರೆತ ಕಿತ್ತಳೆ. ಕೆಂಪು ಅಂದರೆ ಆರುತ್ತಿದೆ, ವಾಪಸ್ ಫರ್ನೇಸಿಗೆ ಹೋಗಬೇಕು ಅಂತ. ಪಾರದರ್ಶಕ ಅಕ್ರಿಲಿಕ್ ತುಂಡಿಗೆ ತೆಳುವಾಗಿ ಕಿತ್ತಳೆ ಬಣ್ಣ ಹಚ್ಚಿ, ಒಳಗೆ ವಾರ್ಮ್ ವೈಟ್ ಎಲ್‌ಇಡಿ ಇಡಿ. ಕಾದ ಉಕ್ಕಿನ ಮೇಲೆ ಏಳುವ ಕಪ್ಪು ಹೊಟ್ಟನ್ನೂ ಅಲ್ಲಲ್ಲಿ ಬರೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ರಟ್ಟಿನ ಶೆಡ್ ಸೊಟ್ಟಗಾಗುತ್ತದೆ, ಸೂಪರ್ ಗ್ಲೂ ಹಾಕಿದಲ್ಲಿ ಬಿಳಿ ಬೂದಿ ಬಂದಂತಾಗುತ್ತದೆ. – ತೀರ್ಥಹಳ್ಳಿಯ ಓದುಗರು

ಉತ್ತರ: ರಟ್ಟು, ಎಂಡಿಎಫ್ ಎರಡೂ ನಮ್ಮ ಕಡೆಯ ಮಳೆಗೆ ಆಗಿಬರುವುದಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ತುಂಡು ಸಿಗುತ್ತದೆ, ಹಗುರ ಪ್ಲಾಸ್ಟಿಕ್ ಹಲಗೆ, ಅದು ನೀರು ಕುಡಿಯುವುದಿಲ್ಲ. ಆ ಬಿಳಿ ಪುಡಿ ಗ್ಲೂವಿನ ಆವಿ ಗಾಳಿಯ ತೇವಕ್ಕೆ ಸೇರಿ ಕೂರುವುದು. ಕಡಿಮೆ ಹಚ್ಚಿ, ಫ್ಯಾನ್ ಹಾಕಿ, ಎದುರಿಗೆ ಕಾಣುವ ಕಡೆ ಅರಾಲ್ಡೈಟ್ ಬಳಸಿ. ಸ್ಪ್ರೇ ಪೇಂಟ್ ಮಾತ್ರ ಬಿಸಿಲು ಬಂದ ದಿನವೇ.

ಪ್ರಶ್ನೆ: ಫೋರ್ಜ್ ಶಾಪ್‌ನಿಂದ ರೈಲಿನ ಚಕ್ರ ತುಂಬಿದ ವ್ಯಾಗನ್ ಹೊರಡುವಂತೆ ತೋರಿಸಬಹುದಾ? – ತಾಳಗುಪ್ಪದ ಓದುಗರು

ಉತ್ತರ: ಬೇರೆ ದೇಶದ ಲೇಔಟ್ ಆದರೆ ತೊಂದರೆ ಇಲ್ಲ, ಫೋರ್ಜ್ ಮಾಡಿದ ಚಕ್ರ ಎಷ್ಟೋ ಕಡೆ ಇವೆ. ಯಲಹಂಕದ ರೈಲ್ವೆ ಕಾರ್ಖಾನೆಯಲ್ಲಿ ಮಾತ್ರ ಚಕ್ರ ಎರಕದ್ದು, ಫೋರ್ಜ್ ಮಾಡುವುದು ಆಕ್ಸಲ್, ಅಂದರೆ ಎರಡು ಚಕ್ರ ಕೂಡಿಸುವ ಸಲಾಕೆ. ನೀವು ಆಕ್ಸಲ್ ತುಂಬಿ ಕಳಿಸಿ. 2 ಮಿಲಿಮೀಟರ್ ತಂತಿ, 26 ಮಿಲಿಮೀಟರ್ ಉದ್ದ, ಒಂದು ಸಂಜೆ ಕೂತರೆ ಒಂದು ವ್ಯಾಗನ್ ತುಂಬುತ್ತದೆ.